ಜಪಾನಿನಲ್ಲಿ ಓದು, ದುಡಿಮೆ, ತಿರುಗಾಟ: ಮೊದಲೇ ತಿಳಿಸಿ ಮಾಡಬೇಕಾದ ಕೆಲಸಗಳು

ಜಪಾನಿಗೆ ಓದಲೆಂದೋ ದುಡಿಯಲೆಂದೋ ಹೊರಡುವ ಯುವಜನರು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು ಅಲ್ಲಿನ ಭಾಷೆಗೆ. ಭಾಷೆ ಕಷ್ಟವೆಂಬುದು ನಿಜ. ಆದರೆ ಹೊರಗಿನಿಂದ ಹೋದವರು ಅಲ್ಲಿ ಸಿಕ್ಕಿಬೀಳುವ ತೊಂದರೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಅನೇಕವು ಮಾತು ಬಾರದ್ದರಿಂದ ಹುಟ್ಟಿದವಲ್ಲ, ಮುಂಚಿತವಾಗಿ ತಿಳಿಸದೆ ಮಾಡಿದ್ದರಿಂದ ಹುಟ್ಟಿದವು ಎಂಬುದು ಗೊತ್ತಾಗುತ್ತದೆ. ಅನುಮತಿ ಪಡೆದು ಮಾಡಿದರೆ ಯಾರೂ ಪ್ರಶ್ನಿಸದ ಅರೆಕಾಲಿಕ ಕೆಲಸವೇ ಅನುಮತಿಯಿಲ್ಲದೆ ಮಾಡಿದಾಗ ದೇಶ ಬಿಡಬೇಕಾದ ಪರಿಸ್ಥಿತಿಯನ್ನು ತರಬಹುದು. ಮೀನು ತಿನ್ನುವುದಿಲ್ಲವೆಂದು ಕೋಣೆ ಕಾಯ್ದಿರಿಸುವಾಗಲೇ ಹೇಳಿದರೆ ವಸತಿಗೃಹದವರು ಸಾಧ್ಯವೋ ಇಲ್ಲವೋ ಎಂದು ವಿಚಾರಿಸಿ ತಿಳಿಸುತ್ತಾರೆ. ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಇಬ್ಬರಿಗೂ ಮುಜುಗರವೊಂದೇ ಉಳಿಯುತ್ತದೆ. ಈ ಒಂದು ಸೂತ್ರವನ್ನು ಹಿಡಿದುಕೊಂಡು, ಹೊರಡುವ ದಿನದಿಂದ ಮರಳುವ ದಿನದವರೆಗೆ ಮಾಡಬೇಕಾದ ಕೆಲಸಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊರಡುವ ಮೊದಲು

ವೀಸಾ ಎಂಬುದು ಜಪಾನಿನ ಬಾಗಿಲನ್ನು ತೆರೆಯುವ ಕಾಗದ ಮಾತ್ರ. ಒಳಗೆ ಹೋದ ಮೇಲೆ ನೀವು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ನಿರ್ಧರಿಸುವುದು ವಾಸದ ಅರ್ಹತೆ ಅಥವಾ ‘ಝೈರ್ಯೂ ಶಿಕಾಕು’. ವಿದ್ಯಾರ್ಥಿ, ಎಂಜಿನಿಯರ್, ನಿರ್ದಿಷ್ಟ ಕೌಶಲದ ಕೆಲಸಗಾರ ಹೀಗೆ ಪ್ರತಿಯೊಂದು ಅರ್ಹತೆಗೂ ತನ್ನದೇ ಗಡಿಗಳಿವೆ. ಆದುದರಿಂದ ಊರು, ಕಾಲೇಜು, ಸಂಬಳ ಇವುಗಳನ್ನು ಯೋಚಿಸುವ ಮೊದಲು ಯಾವ ಅರ್ಹತೆಯಲ್ಲಿ ಹೋಗುತ್ತಿದ್ದೇನೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಓದಲು ಹೋಗುವವರಲ್ಲಿ ಅನೇಕರು ಮೊದಲು ಸೇರುವುದು ಭಾಷಾ ಶಾಲೆಗೆ. ಅಲ್ಲಿ ಸಾಮಾನ್ಯವಾಗಿ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಎಂಬ ನಾಲ್ಕು ಪ್ರವೇಶಗಳಿರುತ್ತವೆ, ಗರಿಷ್ಠ ಎರಡು ವರ್ಷ ಓದಬಹುದು. ಸೇರುವ ಮೊದಲೇ 150 ಗಂಟೆಗಳಷ್ಟು ಜಪಾನೀ ಕಲಿತಿರಬೇಕು ಅಥವಾ ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆಯ ಅತಿ ಸುಲಭದ ಹಂತವಾದ ಎನ್5 ಪಾಸಾಗಿರಬೇಕು ಎಂದು ಶಾಲೆಗಳು ಕೇಳುವುದು ರೂಢಿ. ವಾಸದ ಅರ್ಹತಾ ಪ್ರಮಾಣಪತ್ರಕ್ಕೆ ವಲಸೆ ಇಲಾಖೆಯಲ್ಲಿ ಅರ್ಜಿ ಹಾಕುವುದು ವಿದ್ಯಾರ್ಥಿಯಲ್ಲ, ಅವರ ಪರವಾಗಿ ಶಾಲೆ. ಆ ಪತ್ರ ಕೈಗೆ ಬಂದ ಮೇಲೆ ರಾಯಭಾರ ಕಚೇರಿಯಿಂದ ವೀಸಾ ಪಡೆದು, ಪತ್ರ ಹೊರಟ ದಿನದಿಂದ ಮೂರು ತಿಂಗಳೊಳಗೆ ದೇಶವನ್ನು ಪ್ರವೇಶಿಸಬೇಕು. ಏಪ್ರಿಲ್ ಪ್ರವೇಶಕ್ಕೆ ಹಿಂದಿನ ವರ್ಷದ ಶರತ್ಕಾಲದಲ್ಲೇ ಕಾಗದಪತ್ರಗಳು ಸಿದ್ಧವಿರಬೇಕೆಂದರೆ ಎಷ್ಟು ಮೊದಲು ಕೆಲಸ ಶುರುಮಾಡಬೇಕೆಂಬುದನ್ನು ಲೆಕ್ಕಹಾಕಬಹುದು. ಜಪಾನಿನ ಶಿಕ್ಷಣ ಸಚಿವಾಲಯದ ಮೆಕ್ಸ್ಟ್ ವಿದ್ಯಾರ್ಥಿವೇತನ ಸಿಕ್ಕಿದರೆ ಬೋಧನಾ ಶುಲ್ಕ, ವಿಮಾನದ ಖರ್ಚು, ತಿಂಗಳ ವೆಚ್ಚ ಎಲ್ಲವೂ ಅದರಲ್ಲೇ ಬರುತ್ತವೆ. ಅದಕ್ಕೆ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ದಾರಿಯೊಂದಿದೆ, ವಿಶ್ವವಿದ್ಯಾಲಯದ ಶಿಫಾರಸಿನ ದಾರಿ ಇನ್ನೊಂದು.

ಭಾಷಾ ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. 1984ರಲ್ಲಿ ಆರಂಭವಾದ ಜೆಎಲ್‌ಪಿಟಿ ಪರೀಕ್ಷೆಗೆ 2010ರಿಂದ ಎನ್5ರಿಂದ ಎನ್1ರವರೆಗೆ ಐದು ಹಂತಗಳಿವೆ; ಅದರಲ್ಲಿ ಓದುವ, ಕೇಳುವ ಭಾಗಗಳಿವೆಯೇ ಹೊರತು ಮಾತನಾಡುವ ಭಾಗವಿಲ್ಲ. ಎನ್2 ಪಾಸಾದವರು ದೂರವಾಣಿಯಲ್ಲಿ ಒಂದು ವಾಕ್ಯ ಹೇಳಲು ತಡವರಿಸುವುದು ಇದರಿಂದಲೇ. ಪ್ರಮಾಣಪತ್ರ ಬೇಕು, ಆದರೆ ಅದನ್ನೇ ಭಾಷೆಯೆಂದು ತಿಳಿಯಬಾರದು. ದಿನನಿತ್ಯದ ಬಳಕೆಗೆಂದು ಸರ್ಕಾರ ಪಟ್ಟಿ ಮಾಡಿರುವ, ಚೀನೀ ಮೂಲದ ಕಾಂಜಿ ಅಕ್ಷರಗಳು 2,136. ಅಷ್ಟೂ ಕಲಿತ ಮೇಲೆ ಹೊರಡುತ್ತೇನೆಂದರೆ ಹೊರಡುವುದೇ ಆಗದು. ಹಿರಗಾನ, ಕಟಕಾನ ಎರಡೂ ಲಿಪಿಗಳು ತಡೆಯಿಲ್ಲದೆ ಓದಲು ಬಂದರೆ, ತನ್ನ ವಿಳಾಸವನ್ನು ಕೈಯಿಂದ ಬರೆಯಲು ಬಂದರೆ, ಮೊದಲ ತಿಂಗಳು ಹೇಗೋ ಸಾಗುತ್ತದೆ.

ದುಡಿಯಲೆಂದೇ ಹೋಗುವವರಿಗೆ ಬೇರೆ ದಾರಿಗಳಿವೆ. 2019ರ ಏಪ್ರಿಲ್‌ನಲ್ಲಿ ಆರಂಭವಾದ ‘ತೊಕುತೇ ಗಿನೋ’, ಅಂದರೆ ನಿರ್ದಿಷ್ಟ ಕೌಶಲದ ವ್ಯವಸ್ಥೆಯಲ್ಲಿ ವೃದ್ಧರ ಆರೈಕೆ, ಕೃಷಿ, ಆಹಾರ ತಯಾರಿಕೆ, ಕಟ್ಟಡ ನಿರ್ಮಾಣ ಮುಂತಾದ ಕ್ಷೇತ್ರಗಳಲ್ಲಿ ಕೌಶಲದ ಪರೀಕ್ಷೆ ಮತ್ತು ಭಾಷಾ ಪರೀಕ್ಷೆಗಳನ್ನು ದಾಟಿದವರು ಕೆಲಸಕ್ಕೆ ಸೇರಬಹುದು. 1987ರಲ್ಲಿ ಆರಂಭವಾದ ಜೆಟ್ ಕಾರ್ಯಕ್ರಮದಲ್ಲಿ ಪದವೀಧರರು ಊರೂರಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಸಹಾಯಕರಾಗುತ್ತಾರೆ. ಊರು ಸುತ್ತುತ್ತಾ ಅಲ್ಲಲ್ಲಿ ದುಡಿಯಲು ಅವಕಾಶ ಕೊಡುವ ವರ್ಕಿಂಗ್ ಹಾಲಿಡೇ ವೀಸಾವನ್ನು ಜಪಾನ್ ಮೊದಲು 1980ರಲ್ಲಿ ಆಸ್ಟ್ರೇಲಿಯಾದೊಂದಿಗೆ ಒಪ್ಪಂದ ಮಾಡಿಕೊಂಡು ಆರಂಭಿಸಿತು. ಈಗ ಅನೇಕ ದೇಶಗಳು ಅದರಲ್ಲಿವೆ, ಭಾರತ ಆ ಪಟ್ಟಿಯಲ್ಲಿಲ್ಲ. ಇದನ್ನು ತಿಳಿಯದೆ ಅಂತಹ ವೀಸಾ ಕೊಡಿಸುತ್ತೇವೆಂಬ ದಲ್ಲಾಳಿಗಳಿಗೆ ಹಣ ಕೊಡಬಾರದು.

ಕೊನೆಯದಾಗಿ, ಔಷಧಿ. ಬೇರೆಡೆ ಅಂಗಡಿಯಲ್ಲಿ ಸಿಗುವ ಕೆಲವು ನೆಗಡಿಯ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ, ಕೆಮ್ಮಿನ ಔಷಧಿಯಲ್ಲಿ ಕೊಡೀನ್ ಶೇಕಡಾ 1ಕ್ಕಿಂತ ಹೆಚ್ಚಿದ್ದರೆ ಅವನ್ನು ಜಪಾನಿನೊಳಗೆ ಹಾಗೆಯೇ ಒಯ್ಯುವಂತಿಲ್ಲ. ವೈದ್ಯರು ಬರೆದುಕೊಟ್ಟ ಸಾಧಾರಣ ಔಷಧಿಯನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಆರೋಗ್ಯ ಇಲಾಖೆಯಿಂದ ಆಮದು ದೃಢೀಕರಣ ಪತ್ರವನ್ನು ಮೊದಲೇ ತರಿಸಿಕೊಂಡಿರಬೇಕು.

ಮೊದಲ 14 ದಿನಗಳು

ನರಿತಾ, ಹನೆದಾ, ಕನ್ಸಾಯಿಯಂತಹ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದವರಿಗೆ ಅಲ್ಲಿಯೇ ‘ಝೈರ್ಯೂ ಕಾರ್ಡ್’ ಎಂಬ ವಾಸದ ಗುರುತುಚೀಟಿ ಕೊಡುತ್ತಾರೆ. ಹದಿನಾರು ತುಂಬಿದವರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕು. ಕೋಣೆಯಲ್ಲಿ ಜೋಪಾನವಾಗಿಟ್ಟಿದ್ದೇನೆ ಎಂಬ ಉತ್ತರವನ್ನು ಪೊಲೀಸರು ಒಪ್ಪುವುದಿಲ್ಲ. ವಿದ್ಯಾರ್ಥಿಗಳು ಅರೆಕಾಲಿಕ ಕೆಲಸದ ಅನುಮತಿಗೆ ಆ ಕ್ಷಣದಲ್ಲೇ, ಅದೇ ಸಾಲಿನಲ್ಲಿ, ಅರ್ಜಿ ಕೊಡಬಹುದು. ಅರ್ಜಿಯ ನಮೂನೆಯನ್ನು ಮೊದಲೇ ತುಂಬಿ ಚೀಲದಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಇದನ್ನು ಮರೆತವರು ನಂತರ ವಲಸೆ ಕಚೇರಿಗೆ ಹೋಗಿ ವಾರಗಟ್ಟಲೆ ಕಾಯಬೇಕಾಗುತ್ತದೆ.

ವಾಸದ ಜಾಗ ನಿಗದಿಯಾದ 14 ದಿನಗಳೊಳಗೆ ಆ ಊರಿನ ಪುರಸಭಾ ಕಚೇರಿಗೆ, ಅಂದರೆ ‘ಶಿಯಾಕುಶೊ’ ಅಥವಾ ‘ಕುಯಾಕುಶೊ’ಗೆ ಹೋಗಿ ವಿಳಾಸ ನೋಂದಾಯಿಸಬೇಕು. ಕಾರ್ಡಿನ ಹಿಂಬದಿಯಲ್ಲಿ ವಿಳಾಸ ಮುದ್ರಿತವಾದ ಮೇಲೆಯೇ ಉಳಿದ ಬಾಗಿಲುಗಳು ತೆರೆಯುತ್ತವೆ. ವಿಳಾಸವಿಲ್ಲದೆ ಮೊಬೈಲ್ ಸಂಖ್ಯೆ ಇಲ್ಲ, ಸಂಖ್ಯೆ ಇಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ಸಂಬಳ ಸೇರುವುದಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಶಾಲೆಗಳು ಸಾಮಾನ್ಯವಾಗಿ ಸೂಚಿಸುವುದು ಅಂಚೆ ಬ್ಯಾಂಕಾದ ಯೂಚೊವನ್ನು, ಏಕೆಂದರೆ ಬಂದು ಆರು ತಿಂಗಳಾಗದವರಿಗೆ ಖಾತೆ ತೆರೆಯಲು ಹಲವು ಬ್ಯಾಂಕುಗಳು ಹಿಂದೇಟು ಹಾಕುತ್ತವೆ.

ಅದೇ ದಿನ, ಅದೇ ಕಟ್ಟಡದಲ್ಲಿ ಇನ್ನೆರಡು ಕೆಲಸಗಳನ್ನು ಮುಗಿಸಬಹುದು. ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿದರೆ ಆಸ್ಪತ್ರೆಯ ಖರ್ಚಿನಲ್ಲಿ ಶೇಕಡಾ 30ರಷ್ಟನ್ನು ಮಾತ್ರ ನೀವು ಕೊಡುತ್ತೀರಿ. ಆದಾಯವಿಲ್ಲವೆಂದು ಘೋಷಿಸಿದವರಿಗೆ ಕಂತು ಕಡಿಮೆಯಾಗುತ್ತದೆ, ಘೋಷಿಸದೆ ಸುಮ್ಮನಿದ್ದರೆ ಆಗುವುದಿಲ್ಲ. ಎರಡನೆಯದು ರಾಷ್ಟ್ರೀಯ ಪಿಂಚಣಿ. 20 ತುಂಬಿದವರೆಲ್ಲ, ವಿದೇಶೀಯರೂ ಸೇರಿ, 60ರವರೆಗೆ ಅದರ ಸದಸ್ಯರು. 2025ರ ಆರ್ಥಿಕ ವರ್ಷದಲ್ಲಿ ಅದರ ಕಂತು ತಿಂಗಳಿಗೆ 17,510 ಯೆನ್ ಆಗಿತ್ತು. ಕೆಲವೇ ವರ್ಷ ಇರುವವನಿಗೆ ಪಿಂಚಣಿ ಏಕೆ ಎಂದು ಬಂದ ಚೀಟಿಗಳನ್ನು ಮೇಜಿನ ಮೂಲೆಗೆ ಸರಿಸುವವರು ಬಹಳ. ಹಾಗೆ ಮಾಡಬಾರದು. ವಿದ್ಯಾರ್ಥಿಗಳಿಗೆ ಪಾವತಿ ಮುಂದೂಡುವ ವಿಶೇಷ ವ್ಯವಸ್ಥೆ ಇದೆ, ಕಡಿಮೆ ಆದಾಯದವರಿಗೆ ವಿನಾಯಿತಿಯೂ ಇದೆ. ಅರ್ಜಿ ಹಾಕಿ ಕಟ್ಟದಿರುವುದು ನಿಯಮದ ಒಳಗಿನ ನಡೆ. ಅರ್ಜಿ ಹಾಕದೆ ಕಟ್ಟದಿರುವುದು ಬಾಕಿ, ಮುಂದೆ ಶಾಶ್ವತ ವಾಸಕ್ಕೆ ಅರ್ಜಿ ಹಾಕುವ ದಿನ ಎದುರು ಬಂದು ನಿಲ್ಲುವ ಬಾಕಿ.

ಮನೆ ಮತ್ತು ನೆರೆಹೊರೆ

ಜಪಾನಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಮೊದಲ ತಿಂಗಳ ಖರ್ಚು ಹೊಸಬರನ್ನು ದಂಗುಬಡಿಸುತ್ತದೆ. ‘ಶಿಕಿಕಿನ್’ ಎಂಬುದು ಮುಂಗಡ ಠೇವಣಿ. ಮನೆ ಬಿಡುವಾಗ ರಿಪೇರಿಯ ಖರ್ಚು ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾರೆ. ‘ರೇಕಿನ್’ ಎಂಬುದು ಮಾಲೀಕರಿಗೆ ಕೃತಜ್ಞತೆಯಾಗಿ ಕೊಡುವ ಹಣ. ಅದು ಮರಳಿ ಬರುವುದಿಲ್ಲ. ಇವುಗಳ ಮೇಲೆ ದಲ್ಲಾಳಿಯ ಶುಲ್ಕ, ಜಾಮೀನು ಕಂಪನಿಯ ಶುಲ್ಕ, ಬೆಂಕಿ ವಿಮೆ, ಮೊದಲ ತಿಂಗಳ ಬಾಡಿಗೆ ಎಲ್ಲವೂ ಕೂಡಿದರೆ ನಾಲ್ಕೈದು ತಿಂಗಳ ಬಾಡಿಗೆಯಷ್ಟು ಹಣ ಒಮ್ಮೆಗೇ ಬೇಕಾಗಬಹುದು. ಮೊದಲ ವರ್ಷ ಶಾಲೆಯ ವಸತಿನಿಲಯ ಅಥವಾ ಶೇರ್ ಹೌಸ್ ಸಾಕು ಎಂಬುದು ನನ್ನ ಅಭಿಪ್ರಾಯ. ಸ್ವಂತ ಮನೆಯೇ ಬೇಕೆನ್ನುವವರು ಯುಆರ್ ಎಂಬ ಅರೆಸರ್ಕಾರಿ ವಸತಿ ಸಂಸ್ಥೆಯ ಮನೆಗಳನ್ನು ನೋಡಬಹುದು. ಅವುಗಳಿಗೆ ರೇಕಿನ್ ಇಲ್ಲ, ದಲ್ಲಾಳಿ ಶುಲ್ಕವಿಲ್ಲ, ಜಾಮೀನುದಾರರೂ ಬೇಕಿಲ್ಲ, ಆದರೆ ಆದಾಯ ಅಥವಾ ಉಳಿತಾಯದ ಪುರಾವೆ ತೋರಿಸಬೇಕು. ಕಟ್ಟಡವನ್ನು ಆರಿಸುವಾಗ ಅದು 1981ರ ಜೂನ್ ನಂತರದ ಭೂಕಂಪ ನಿಯಮಗಳ ಪ್ರಕಾರ ಕಟ್ಟಿದ್ದೇ ಎಂದು ಕೇಳುವುದನ್ನು ಮರೆಯಬಾರದು.

ಮನೆಗೆ ಬಂದ ಮೊದಲ ವಾರದಲ್ಲಿ ಅಕ್ಕಪಕ್ಕದ ಮನೆಯವರಿಗೆ ಮುಖ ತೋರಿಸಿ, ಸಣ್ಣ ಟವೆಲ್ಲೋ ಬಿಸ್ಕತ್ತಿನ ಪೊಟ್ಟಣವೋ ಕೊಟ್ಟು ‘ಯೊರೊಶಿಕು ಒನೆಗಾಯಿಶಿಮಸು’, ಅಂದರೆ ನಿಮ್ಮ ವಿಶ್ವಾಸವಿರಲಿ ಎನ್ನುವುದು ಹಳೆಯ ರೂಢಿ. ದೊಡ್ಡ ನಗರಗಳಲ್ಲಿ ಒಬ್ಬರೇ ವಾಸಿಸುವವರಲ್ಲಿ ಇದು ಕಡಿಮೆಯಾಗುತ್ತಿದೆ, ಆದರೂ ವಿದೇಶೀಯರು ಮಾಡಿದರೆ ಅದರ ಫಲ ದೊಡ್ಡದು: ಮುಂದೆ ರಾತ್ರಿ ಸದ್ದಾದಾಗ ಮಾಲೀಕರಿಗೆ ದೂರು ಹೋಗುವ ಬದಲು ನಿಮ್ಮ ಬಾಗಿಲಿಗೇ ಒಂದು ಮಾತು ಬರುತ್ತದೆ.

ಕಸದ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಲೇಬೇಕು, ಏಕೆಂದರೆ ವಿದೇಶೀ ಬಾಡಿಗೆದಾರರ ಮೇಲಿನ ದೂರುಗಳಲ್ಲಿ ಕಸ ಮತ್ತು ಸದ್ದು ಪದೇ ಪದೇ ಕೇಳಿಬರುತ್ತವೆ. ಸುಡುವ ಕಸ, ಸುಡದ ಕಸ, ಪೆಟ್ ಬಾಟಲಿ, ಡಬ್ಬಿ, ಗಾಜು, ಕಾಗದ ಎಂದು ವಿಂಗಡಿಸಿ, ಆಯಾ ದಿನ ಬೆಳಿಗ್ಗೆ, ಹೆಚ್ಚಿನ ಕಡೆ ಎಂಟು ಗಂಟೆಯೊಳಗೆ, ಗೊತ್ತಾದ ಜಾಗದಲ್ಲಿ ಇಡಬೇಕು. ಬಾಟಲಿಯ ಮುಚ್ಚಳ ಮತ್ತು ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಿ, ತೊಳೆದು ಹಾಕಬೇಕು. ನಿಯಮ ಊರಿಂದ ಊರಿಗೆ ಬದಲಾಗುತ್ತದೆ. ಕೆಲವು ಊರುಗಳಲ್ಲಿ ಪುರಸಭೆ ನಿಗದಿಪಡಿಸಿದ ಚೀಲವನ್ನೇ ಹಣ ಕೊಟ್ಟು ಕೊಳ್ಳಬೇಕು. ವಿಳಾಸ ನೋಂದಾಯಿಸುವ ದಿನವೇ ಕಸದ ಕ್ಯಾಲೆಂಡರನ್ನು ಕೇಳಿ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿ. ತಪ್ಪಾಗಿ ಇಟ್ಟ ಚೀಲವನ್ನು ಒಂದು ಚೀಟಿ ಅಂಟಿಸಿ ಅಲ್ಲಿಯೇ ಬಿಟ್ಟು ಹೋಗುತ್ತಾರೆ, ಇಡೀ ಬೀದಿ ಅದನ್ನು ನೋಡುತ್ತದೆ.

ಮನೆಯ ಒಳಗಿನ ಶಿಸ್ತು ಬೇಗ ಅಭ್ಯಾಸವಾಗುತ್ತದೆ. ಬಾಗಿಲ ಬಳಿಯ ‘ಗೆಂಕಾನ್’ ಎಂಬ ತಗ್ಗಿನಲ್ಲಿ ಚಪ್ಪಲಿ ಬಿಡಬೇಕು, ತತಾಮಿ ಚಾಪೆಯ ಮೇಲೆ ಮನೆಯೊಳಗಿನ ಸ್ಲಿಪ್ಪರ್ ಕೂಡ ಸಲ್ಲದು, ಶೌಚಾಲಯಕ್ಕೆ ಬೇರೆ ಸ್ಲಿಪ್ಪರ್ ಇರುತ್ತದೆ. ಆ ಸ್ಲಿಪ್ಪರನ್ನೇ ಮೆಟ್ಟಿಕೊಂಡು ಊಟದ ಕೋಣೆಗೆ ಬರುವ ತಪ್ಪನ್ನು ಹೊಸಬರೆಲ್ಲ ಒಮ್ಮೆಯಾದರೂ ಮಾಡುತ್ತಾರೆ.

ಓದಿನ ಜೊತೆ ದುಡಿಮೆ

ವಿದ್ಯಾರ್ಥಿಯು ಅನುಮತಿ ಪಡೆದ ಮೇಲೆ ವಾರಕ್ಕೆ 28 ಗಂಟೆಗಳವರೆಗೆ ‘ಅರುಬೈತೊ’, ಅಂದರೆ ಅರೆಕಾಲಿಕ ಕೆಲಸ ಮಾಡಬಹುದು. ಶಾಲೆ ಅಧಿಕೃತವಾಗಿ ಘೋಷಿಸಿದ ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆಯವರೆಗೆ ಅವಕಾಶವಿದೆ. ಈ 28ರ ಲೆಕ್ಕವನ್ನು ಹೊಸಬರು ಎರಡು ರೀತಿಯಲ್ಲಿ ತಪ್ಪಾಗಿ ತಿಳಿಯುತ್ತಾರೆ. ಮೊದಲನೆಯದಾಗಿ, ಅದು ಒಂದೊಂದು ಕೆಲಸಕ್ಕೆ 28 ಅಲ್ಲ, ಎಲ್ಲ ಕೆಲಸಗಳೂ ಸೇರಿ 28. ಎರಡನೆಯದಾಗಿ, ಸೋಮವಾರದಿಂದ ಭಾನುವಾರದವರೆಗೆ ಎಣಿಸಿದರೆ ಸಾಲದು. ಯಾವ ದಿನದಿಂದ ಏಳು ದಿನ ಎಣಿಸಿದರೂ 28 ಮೀರಿರಬಾರದು. ಎರಡು ಕಡೆ ದುಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ಸಂಬಳ ಬ್ಯಾಂಕಿಗೆ ಬರುತ್ತದೆ, ಕೆಲಸ ಕೊಟ್ಟವರು ತೆರಿಗೆಗಾಗಿ ಪುರಸಭೆಗೆ ವರದಿ ಕಳಿಸುತ್ತಾರೆ, ವೀಸಾ ನವೀಕರಣದ ವೇಳೆ ಆದಾಯದ ಪ್ರಮಾಣಪತ್ರವನ್ನು ಕೇಳಬಹುದು. ಸಂಖ್ಯೆಗಳು ತಾವಾಗಿಯೇ ಮಾತನಾಡುತ್ತವೆ. ಗಿರಾಕಿಗಳ ಜೊತೆ ಕುಳಿತು ಮನರಂಜಿಸುವ ಬಾರು, ಪಚಿಂಕೊ ಎಂಬ ಜೂಜಿನ ಯಂತ್ರಗಳ ಅಂಗಡಿ, ಮಾಜಾಂಗ್ ಆಟದ ಅಂಗಡಿಯಂತಹ ಮನರಂಜನಾ ಕಾಯ್ದೆಯ ವ್ಯಾಪ್ತಿಗೆ ಬರುವ ಜಾಗಗಳಲ್ಲಿ ಪಾತ್ರೆ ತೊಳೆಯುವ ಕೆಲಸವನ್ನೂ ವಿದ್ಯಾರ್ಥಿಗಳು ಮಾಡುವಂತಿಲ್ಲ.

ಹಣದ ವಿಷಯದಲ್ಲಿ ಭ್ರಮೆ ಬೇಡ. ಟೋಕಿಯೊದ ಕನಿಷ್ಠ ವೇತನ 2024ರ ಅಕ್ಟೋಬರಿನಲ್ಲಿ ಗಂಟೆಗೆ 1,163 ಯೆನ್ ಆಯಿತು; ಪ್ರತಿ ವರ್ಷ ಶರತ್ಕಾಲದಲ್ಲಿ ಅದನ್ನು ಪರಿಷ್ಕರಿಸುತ್ತಾರೆ, ಬೇರೆ ಪ್ರಾಂತ್ಯಗಳಲ್ಲಿ ಬಹುತೇಕ ಇದಕ್ಕಿಂತ ಕಡಿಮೆ. ಆ ದರದಲ್ಲಿ ವಾರಕ್ಕೆ 28 ಗಂಟೆ ಪೂರ್ತಿ ದುಡಿದರೂ ನಾಲ್ಕು ವಾರಕ್ಕೆ ಸುಮಾರು 1,30,000 ಯೆನ್ ಬರುತ್ತದೆ. ಕೋಣೆಯ ಬಾಡಿಗೆ, ಊಟ, ವಿಮೆ, ಮೊಬೈಲ್ ಕಳೆದರೆ ಶಾಲೆಯ ಶುಲ್ಕಕ್ಕೆ ಉಳಿಯುವುದು ಅಲ್ಪ. ದುಡಿದೇ ಓದು ಪೂರೈಸಬಹುದೆಂದು ಸಾಲ ಮಾಡಿಸಿ ಕಳಿಸುವ ದಲ್ಲಾಳಿಗಳ ಲೆಕ್ಕ ಇಲ್ಲಿಯೇ ಮುರಿದುಬೀಳುತ್ತದೆ. ನಿದ್ದೆಗೆಟ್ಟು ದುಡಿದು ತರಗತಿ ತಪ್ಪಿಸಿದರೆ ಹಾಜರಿ ಕುಸಿಯುತ್ತದೆ, ಹಾಜರಿ ಕುಸಿದರೆ ನವೀಕರಣ ನಿಲ್ಲುತ್ತದೆ.

ಕೆಲಸಕ್ಕೆ ಸೇರುವಾಗ ವೇತನ, ಸಮಯ, ರಜೆಗಳನ್ನು ನಮೂದಿಸಿದ ಕೆಲಸದ ಷರತ್ತುಗಳ ಪತ್ರವನ್ನು ಕೊಡುವುದು ಮಾಲೀಕರ ಕಾನೂನುಬದ್ಧ ಕರ್ತವ್ಯ. ಅರೆಕಾಲಿಕ ಕೆಲಸಗಾರರಿಗೂ ಆರು ತಿಂಗಳು ಕಳೆದ ಮೇಲೆ, ದುಡಿದ ದಿನಗಳಿಗೆ ತಕ್ಕಂತೆ, ಸಂಬಳಸಹಿತ ರಜೆ ಇದೆ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಸಂಬಳ ತಡೆಹಿಡಿದರೆ ಕಾರ್ಮಿಕ ಮಾನದಂಡ ಪರಿಶೀಲನಾ ಕಚೇರಿಗೆ ದೂರು ಕೊಡಬಹುದು. ಅಲ್ಲಿ ವಿದೇಶೀಯರಿಗೂ ಅದೇ ಕಾನೂನು ಅನ್ವಯಿಸುತ್ತದೆ.

ಇನ್ನು ಕೆಲಸದ ಸ್ಥಳದ ನಡವಳಿಕೆ. ಜಪಾನೀ ಕಚೇರಿಗಳಲ್ಲಿ ‘ಹೋ-ರೆನ್-ಸೋ’ ಎಂಬ ಮಾತೊಂದಿದೆ. ಹೋಕೊಕು ಎಂದರೆ ವರದಿ ಮಾಡುವುದು, ರೆನ್ರಾಕು ಎಂದರೆ ತಿಳಿಸುವುದು, ಸೋದಾನ್ ಎಂದರೆ ಸಲಹೆ ಕೇಳುವುದು. ಮೂರರ ಮೊದಲ ಭಾಗಗಳನ್ನು ಕೂಡಿಸಿದರೆ ಪಾಲಕ್ ಸೊಪ್ಪಿನ ಹೆಸರಾಗುವುದರಿಂದ ಹೊಸಬರಿಗೂ ಅದು ನೆನಪಿನಲ್ಲಿ ಉಳಿಯುತ್ತದೆ. ಕೆಲಸವನ್ನು ಒಬ್ಬನೇ ಜಾಣತನದಿಂದ ಮುಗಿಸಿ ಕೊನೆಯಲ್ಲಿ ತೋರಿಸಿದವನಿಗಿಂತ, ಅರ್ಧದಲ್ಲಿ ಎರಡು ಸಲ ಬಂದು ಕೇಳಿದವನ ಮೇಲೆ ಅಲ್ಲಿ ಹೆಚ್ಚು ನಂಬಿಕೆ. ತಪ್ಪಾದರೆ ಮೊದಲು ಹೇಳುವುದು ತಪ್ಪು ಮಾಡಿದವರೇ ಆಗಿರಬೇಕು. ಇನ್ನೊಬ್ಬರು ಕಂಡುಹಿಡಿದರೆ ತಪ್ಪಿಗಿಂತ ಮುಚ್ಚಿಟ್ಟದ್ದು ದೊಡ್ಡದಾಗುತ್ತದೆ. ಪಾಳಿಗೆ ಐದು ನಿಮಿಷ ಮೊದಲು ಬಟ್ಟೆ ಬದಲಿಸಿ ನಿಂತಿರಬೇಕು. ರೈಲು ತಡವಾದರೆ ರೈಲಿನಿಂದಲೇ ಸಂದೇಶ ಕಳಿಸಬೇಕು, ನಿಲ್ದಾಣದಲ್ಲಿ ಕೊಡುವ ವಿಳಂಬದ ಚೀಟಿಯನ್ನು ತಂದು ತೋರಿಸಬೇಕು. ಕೆಲಸ ಬಿಡಬೇಕೆನಿಸಿದಾಗ ಏಕಾಏಕಿ ಕಾಣೆಯಾಗದೆ, ಅನೇಕ ಒಪ್ಪಂದಗಳಲ್ಲಿ ಇರುವಂತೆ ಒಂದು ತಿಂಗಳು ಮೊದಲು ಹೇಳಬೇಕು.

ಅಲ್ಲಿನವರು ‘ಇಲ್ಲ’ ಎಂದು ನೇರವಾಗಿ ಹೇಳುವುದು ವಿರಳ. ‘ಚೊತ್ತೊ...’, ಅಂದರೆ ‘ಸ್ವಲ್ಪ...’ ಎಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಅದು ನಿರಾಕರಣೆ. ‘ಕೆಂತೋ ಶಿಮಸು’, ಅಂದರೆ ಪರಿಶೀಲಿಸುತ್ತೇವೆ ಎಂದರೂ ಬಹುತೇಕ ಅದೇ ಅರ್ಥ. ಒತ್ತಾಯಿಸಿ ಮತ್ತೆ ಕೇಳಿದರೆ ಅವರ ಮುಖದಲ್ಲಿ ಕಾಣುವ ಸಂಕಟ ನಿಮ್ಮಿಂದ ಬಂದದ್ದು. ಇದನ್ನು ಕಪಟವೆಂದು ತಿಳಿಯುವ ವಿದೇಶೀಯರಿದ್ದಾರೆ. ನನಗೆ ಹಾಗೆನಿಸುವುದಿಲ್ಲ: ಮಾತಿನ ಅರ್ಥ ಇಬ್ಬರಿಗೂ ಗೊತ್ತಿರುವಾಗ ಅದು ಮೋಸವಲ್ಲ, ಕೇಳಿದವರ ಮಾನ ಉಳಿಸುವ ಸೌಜನ್ಯ. ಕೆಲಸದ ನಂತರದ ‘ನೊಮಿಕಾಯಿ’ ಕೂಟಗಳಲ್ಲಿ ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳದೆ ಪಕ್ಕದವರ ಲೋಟ ತುಂಬಿಸುವುದು ವಾಡಿಕೆ. ಮದ್ಯ ಕುಡಿಯದವರು ಊಲಾಂಗ್ ಚಹಾ ಕೇಳಬಹುದು, ಯಾರೂ ಅಚ್ಚರಿಪಡುವುದಿಲ್ಲ. 2022ರ ಏಪ್ರಿಲ್‌ನಲ್ಲಿ ವಯಸ್ಕರ ವಯಸ್ಸು 18ಕ್ಕೆ ಇಳಿದರೂ ಮದ್ಯ ಮತ್ತು ಸಿಗರೇಟಿನ ವಯಸ್ಸು 20 ಆಗಿಯೇ ಉಳಿದಿದೆ ಎಂಬುದು ನೆನಪಿರಲಿ.

ಓದು ಮುಗಿದ ಮೇಲೆ ಪೂರ್ಣಾವಧಿ ಕೆಲಸ ಹುಡುಕುವವರು ‘ಶೂಕಾತ್ಸು’ ಎಂಬ ಅಲ್ಲಿನ ಉದ್ಯೋಗ ಬೇಟೆಯ ಕಾಲಪಟ್ಟಿಯನ್ನು ಅರಿತಿರಬೇಕು. ದೊಡ್ಡ ಕಂಪನಿಗಳು ಏಪ್ರಿಲ್‌ನಲ್ಲಿ ಸೇರುವವರನ್ನು ಒಂದು ವರ್ಷಕ್ಕೂ ಮೊದಲು ಆರಿಸಲು ಆರಂಭಿಸುತ್ತವೆ. ಕೊನೆಯ ಸೆಮಿಸ್ಟರಿನಲ್ಲಿ ಅರ್ಜಿ ಹಾಕೋಣವೆಂದು ಕುಳಿತವರಿಗೆ ರೈಲು ಆಗಲೇ ತಪ್ಪಿರುತ್ತದೆ. ಪದವಿಯವರೆಗೆ ಕೆಲಸ ಸಿಗದವರು ಶಾಲೆಯ ಶಿಫಾರಸು ಪತ್ರದೊಂದಿಗೆ ಆರು ತಿಂಗಳ ಹುಡುಕಾಟದ ಅರ್ಹತೆ ಪಡೆಯಬಹುದು, ಅದನ್ನು ಒಮ್ಮೆ ನವೀಕರಿಸಿ ಒಟ್ಟು ಒಂದು ವರ್ಷ ಮಾಡಿಕೊಳ್ಳಬಹುದು.

ತಿರುಗಾಟ

ಪ್ರವಾಸಿಗರು ಹೊಗಳುವ, ಜಪಾನ್ ರೈಲ್ವೆಯ ಜೆಆರ್ ಪಾಸ್ ನಿಮಗಲ್ಲ. ವಿದೇಶೀಯರಲ್ಲಿ ಅದು ಅಲ್ಪಾವಧಿ ಪ್ರವಾಸಿಯೆಂದು ಪಾಸ್‌ಪೋರ್ಟಿನಲ್ಲಿ ಮುದ್ರೆ ಇರುವವರಿಗೆ ಮಾತ್ರ. ವಿದ್ಯಾರ್ಥಿ ಅಥವಾ ಕೆಲಸಗಾರರಾಗಿ ವಾಸಿಸುವವರಿಗೆ ಸಿಗುವುದಿಲ್ಲ. 2023ರ ಅಕ್ಟೋಬರಿನಲ್ಲಿ ಅದರ ಏಳು ದಿನಗಳ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿದ ಮೇಲೆ ಅದಕ್ಕಾಗಿ ಕೊರಗುವ ಕಾರಣವೂ ಕಡಿಮೆಯಾಗಿದೆ. ನಿಮಗೆ ಒದಗುವುದು ‘ಸೇಶುನ್ 18’ ಟಿಕೆಟ್. ಹೆಸರಿನಲ್ಲಿ ಯೌವನ, ಹದಿನೆಂಟು ಎರಡೂ ಇದ್ದರೂ ಯಾವ ವಯಸ್ಸಿನವರೂ ಕೊಳ್ಳಬಹುದು. ವಸಂತ, ಬೇಸಿಗೆ, ಚಳಿಗಾಲದ ರಜೆಗಳಲ್ಲಿ ಮಾತ್ರ ಮಾರುವ ಈ ಟಿಕೆಟಿನಿಂದ ಜೆಆರ್‌ನ ಸಾಧಾರಣ ರೈಲುಗಳಲ್ಲಿ ಎಷ್ಟು ದೂರವಾದರೂ ಹೋಗಬಹುದು, ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತುವಂತಿಲ್ಲ. 2024ರ ಚಳಿಗಾಲದಿಂದ ಅದನ್ನು ಬಿಡಿಬಿಡಿ ದಿನಗಳಲ್ಲಿ ಬಳಸಲಾಗದು. ಸತತ ಮೂರು ದಿನಕ್ಕೆ 10,000 ಯೆನ್, ಐದು ದಿನಕ್ಕೆ 12,050 ಯೆನ್ ಎಂದು ಆಗಿದೆ. ನಿಧಾನ ರೈಲಿನ ಕಿಟಕಿಯಿಂದ, ಶಾಲೆ ಬಿಟ್ಟ ಮಕ್ಕಳು ಹತ್ತಿ ಇಳಿಯುವ ನಡುವೆ ಕುಳಿತು ನೋಡುವ ಜಪಾನ್, ಶಿಂಕಾನ್ಸೆನ್ ತೋರಿಸುವ ಜಪಾನಿಗಿಂತ ಬೇರೆಯದು. ಮಾನ್ಯತೆ ಪಡೆದ ಕಾಲೇಜಿನ ವಿದ್ಯಾರ್ಥಿಗಳಿಗೆ 100 ಕಿಲೋಮೀಟರಿಗಿಂತ ದೂರದ ಜೆಆರ್ ಪ್ರಯಾಣದಲ್ಲಿ ಮೂಲ ದರದ ಮೇಲೆ ಶೇಕಡಾ 20 ರಿಯಾಯಿತಿ ಇದೆ. ಅದಕ್ಕೆ ‘ಗಾಕುವಾರಿ’ ಪತ್ರವನ್ನು ಕಾಲೇಜಿನಿಂದ ಮೊದಲೇ ಪಡೆದಿರಬೇಕು. ಹಲವು ಭಾಷಾ ಶಾಲೆಗಳಿಗೆ ಈ ಸೌಲಭ್ಯವಿಲ್ಲ.

ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದ ಓಬೋನ್ ಎಂಬ ಪಿತೃಗಳ ಹಬ್ಬ, ವರ್ಷಾಂತ್ಯ ಈ ಮೂರು ಕಾಲಗಳಲ್ಲಿ ಇಡೀ ದೇಶ ಒಟ್ಟಿಗೆ ಹೊರಡುತ್ತದೆ. ಆಗ ಊರಲ್ಲೇ ಉಳಿದು ಖಾಲಿಯಾದ ಟೋಕಿಯೊವನ್ನು ನೋಡುವುದು ಮೇಲು. ಆಗಸ್ಟ್ 12ರಿಂದ 15ರವರೆಗೆ ತೊಕುಶಿಮಾದಲ್ಲಿ ನಡೆಯುವ ಆವಾ ಒದೊರಿ ಕುಣಿತ ಇದಕ್ಕೆ ಅಪವಾದ, ಆದರೆ ಅದಕ್ಕೆ ಕೋಣೆಯನ್ನು ತಿಂಗಳುಗಟ್ಟಲೆ ಮೊದಲು ಹಿಡಿದಿರಬೇಕು. ಕ್ಯೋಟೊದ ಗಿಯೋನ್‌ನಲ್ಲಿ ಗೇಶಾ ಕಲಾವಿದೆಯರನ್ನು ಬೆನ್ನಟ್ಟಿ ಫೋಟೊ ತೆಗೆಯುವವರ ಕಾಟದಿಂದ 2024ರಲ್ಲಿ ಖಾಸಗಿ ಓಣಿಗಳಿಗೆ ಪ್ರವೇಶ ನಿಷೇಧಿಸಿ, 10,000 ಯೆನ್ ದಂಡದ ಫಲಕ ಹಾಕಲಾಯಿತು. 3,776 ಮೀಟರ್ ಎತ್ತರದ ಫುಜಿ ಪರ್ವತಕ್ಕೆ ಜುಲೈ ಆರಂಭದಿಂದ ಸೆಪ್ಟೆಂಬರ್ ಆರಂಭದವರೆಗೆ ಹತ್ತಬಹುದು. 2025ರಲ್ಲಿ ಶುಲ್ಕ 4,000 ಯೆನ್ ಆಗಿತ್ತು, ಮೇಲಿನ ಗುಡಿಸಲಿನಲ್ಲಿ ಜಾಗ ಕಾಯ್ದಿರಿಸದವರನ್ನು ಮಧ್ಯಾಹ್ನ ಎರಡರ ನಂತರ ಬಿಡುತ್ತಿರಲಿಲ್ಲ.

ಸಸ್ಯಾಹಾರಿಗಳಿಗೆ ಎದುರಾಗುವ ನಿಜವಾದ ತೊಡಕು ಮಾಂಸವಲ್ಲ, ‘ದಾಶಿ’. ಒಣಗಿಸಿದ ಬೊನಿಟೊ ಮೀನಿನ ಹೆರಕಲಿನಿಂದ ತೆಗೆದ ಈ ಸಾರ ಮಿಸೊ ಸೂಪ್, ನೂಡಲ್ಸಿನ ಸಾರು, ಬೇಯಿಸಿದ ತರಕಾರಿ ಎಲ್ಲದರಲ್ಲೂ ಇರುತ್ತದೆ, ಮೀನು ಕಣ್ಣಿಗೆ ಕಾಣುವುದಿಲ್ಲ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಅರ್ಥವಾಗದು. ಮಾಂಸ, ಮೀನು, ಮೀನಿನ ದಾಶಿ ಮೂರೂ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿಯನ್ನು ಇಟ್ಟುಕೊಂಡು, ಕಾಯ್ದಿರಿಸುವಾಗಲೇ ತೋರಿಸಬೇಕು. ಕೋಯಾ ಪರ್ವತದ ದೇವಾಲಯಗಳಲ್ಲಿ ತಂಗಿದರೆ ಬೌದ್ಧ ಭಿಕ್ಷುಗಳ ‘ಶೋಜಿನ್ ರ್ಯೋರಿ’ ಎಂಬ ಮಾಂಸ ಮೀನಿಲ್ಲದ ಊಟ ಸಿಗುತ್ತದೆ. ಆ ಪರ್ವತದ ಮಠವನ್ನು ಸ್ಥಾಪಿಸಿದ ಕೂಕೈ ಅವರ ಹೆಸರಿನಲ್ಲೇ ಶಿಕೊಕು ದ್ವೀಪದ 88 ದೇವಾಲಯಗಳ, ಸುಮಾರು 1,200 ಕಿಲೋಮೀಟರಿನ ಯಾತ್ರೆ ನಡೆಯುತ್ತದೆ. ಒಂದೇ ವಾರವಾದರೂ ಅದರಲ್ಲಿ ನಡೆದರೆ, ದಾರಿಯಲ್ಲಿ ಹಳ್ಳಿಯ ಜನ ಹಣ್ಣೋ ಚಹಾವೋ ತಂದು ಕೊಡುವ ‘ಒಸೆತ್ತಾಯಿ’ಯ ಪದ್ಧತಿ ಕಾಣಸಿಗುತ್ತದೆ. ಕೊಟ್ಟಾಗ ಬೇಡವೆನ್ನಬಾರದು.

ಬಿಸಿನೀರಿನ ಬುಗ್ಗೆಗಳಲ್ಲಿ ಮೈಯನ್ನು ಪೂರ್ತಿ ತೊಳೆದ ಮೇಲೆಯೇ ಕೊಳಕ್ಕೆ ಇಳಿಯಬೇಕು, ಟವೆಲ್ ನೀರಿಗೆ ತಾಗಬಾರದು. ಹಚ್ಚೆ ಇರುವವರನ್ನು ಅನೇಕ ಕಡೆ ಬಿಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಬೇಕು. ಊಟದಲ್ಲಿ ಚಾಪ್‌ಸ್ಟಿಕ್ಕುಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚುವುದೂ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುಂಡು ದಾಟಿಸುವುದೂ ಸಾವಿನ ಸಂಸ್ಕಾರಗಳನ್ನು ನೆನಪಿಸುವುದರಿಂದ ವರ್ಜ್ಯ. ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ರಜೆಯಲ್ಲಿ ಊರಿಗೆ ಹೋಗಿ ಬರುವವರು ಮರೆಯಬಾರದ ಒಂದು ಗುರುತು ಇದೆ. ಒಂದು ವರ್ಷದೊಳಗೆ ಮರಳುವವರಿಗೆ ವಿಶೇಷ ಮರುಪ್ರವೇಶದ ಸೌಲಭ್ಯವಿದೆ. ಹೊರಡುವ ದಿನ ವಿಮಾನ ನಿಲ್ದಾಣದ ನಮೂನೆಯಲ್ಲಿ ಅದರ ಚೌಕಕ್ಕೆ ಗುರುತು ಹಾಕಬೇಕು. ಹಾಕದೆ ಹೋದರೆ ವಾಸದ ಅರ್ಹತೆ ಅಲ್ಲಿಗೇ ಮುಗಿಯಿತು, ಮತ್ತೆ ಮೊದಲಿನಿಂದ ಶುರುಮಾಡಬೇಕು.

ನೆಲ ನಡುಗಿದಾಗ

ಭೂಕಂಪವನ್ನು ಜಪಾನಿನಲ್ಲಿ ‘ಶಿಂದೊ’ ಎಂಬ ಮಾಪನದಲ್ಲಿ ಹೇಳುತ್ತಾರೆ; ಅದು ಕಂಪನದ ಒಟ್ಟು ಶಕ್ತಿಯನ್ನಲ್ಲ, ನೀವಿರುವ ಜಾಗ ಎಷ್ಟು ಅಲುಗಿತು ಎಂಬುದನ್ನು 0ರಿಂದ 7ರವರೆಗಿನ ಹತ್ತು ಹಂತಗಳಲ್ಲಿ ತಿಳಿಸುತ್ತದೆ. ಪುರಸಭೆ ಕೊಡುವ ಹಜಾರ್ಡ್ ನಕ್ಷೆಯಲ್ಲಿ ನಿಮ್ಮ ಮನೆ ಪ್ರವಾಹ ಅಥವಾ ಸುನಾಮಿಯ ಪ್ರದೇಶದಲ್ಲಿದೆಯೇ ಎಂದು ನೋಡಿ, ಆಶ್ರಯ ತಾಣದವರೆಗೆ ಒಮ್ಮೆ ಹಗಲಿನಲ್ಲಿ ನಡೆದು ಬನ್ನಿ. ಪೊಲೀಸರಿಗೆ 110, ಅಗ್ನಿಶಾಮಕ ಮತ್ತು ಆಂಬುಲೆನ್ಸಿಗೆ 119, ದೊಡ್ಡ ಅನಾಹುತದಲ್ಲಿ ದನಿ ಸಂದೇಶ ಬಿಡಲು 171. ಸಮುದ್ರದ ಬಳಿ ಇರುವಾಗ ದೀರ್ಘವಾಗಿ ಅಲುಗಿದರೆ ಎಚ್ಚರಿಕೆಯ ಪ್ರಕಟಣೆಗೆ ಕಾಯದೆ ಎತ್ತರಕ್ಕೆ ಹೋಗಬೇಕು. ಯಾರಿಗೂ ಹೇಳದೆ, ಯಾರನ್ನೂ ಕೇಳದೆ ತಕ್ಷಣ ಮಾಡಬೇಕಾದ ಕೆಲಸ ಇದೊಂದೇ ಎನ್ನಬಹುದು.

ಬಿಟ್ಟು ಬರುವಾಗ

ಹೊರಡುವ ಸಿದ್ಧತೆಗೆ ಎರಡು ತಿಂಗಳು ಬೇಕು. ಬಾಡಿಗೆ ಮನೆಗೆ ಬಹುತೇಕ ಒಂದು ತಿಂಗಳ ಮುನ್ಸೂಚನೆ ಕೊಡಬೇಕು. ಮಂಚ, ಮೇಜುಗಳನ್ನು ಬೀದಿಯಲ್ಲಿಟ್ಟು ಬರುವಂತಿಲ್ಲ. ‘ಸೊದಾಯಿ ಗೊಮಿ’ ಎಂಬ ದೊಡ್ಡ ಕಸಕ್ಕೆ ದಿನ ಗೊತ್ತುಮಾಡಿಕೊಂಡು, ಶುಲ್ಕದ ಚೀಟಿ ಕೊಂಡು ಅಂಟಿಸಬೇಕು, ಮಾರ್ಚ್ ತಿಂಗಳಲ್ಲಿ ಆ ದಿನವೂ ಬೇಗ ಸಿಗುವುದಿಲ್ಲ. ಪುರಸಭೆಯಲ್ಲಿ ವಾಸ ಬಿಡುವ ನೋಂದಣಿ ಮಾಡಿ ವಿಮೆಯನ್ನು ಮುಗಿಸಬೇಕು. ಜನವರಿ 1ರಂದು ಜಪಾನಿನಲ್ಲಿ ವಾಸವಿದ್ದವರ ಮೇಲೆ ಹಿಂದಿನ ವರ್ಷದ ಆದಾಯದ ಆಧಾರದಲ್ಲಿ ನಿವಾಸಿ ತೆರಿಗೆ ಬೀಳುತ್ತದೆ, ಅದರ ಚೀಟಿ ಜೂನಿನಲ್ಲಿ ಬರುತ್ತದೆ. ಅಷ್ಟರೊಳಗೆ ಹೊರಡುವವರು ತಮ್ಮ ಪರವಾಗಿ ಕಟ್ಟುವ ಪ್ರತಿನಿಧಿಯನ್ನು ನೇಮಿಸಿ ತಿಳಿಸಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಕಂತು ಕಟ್ಟಿದವರು ದೇಶ ಬಿಟ್ಟ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಒಂದು ಭಾಗ ಇಡಿಗಂಟಾಗಿ ಮರಳಿ ಬರುತ್ತದೆ, ಆದುದರಿಂದ ಪಿಂಚಣಿ ಸಂಖ್ಯೆಯ ಕಾಗದವನ್ನು ಕಸಕ್ಕೆ ಹಾಕದೆ ಜೊತೆಗೆ ತರಬೇಕು. ವಿಮಾನ ನಿಲ್ದಾಣದಲ್ಲಿ ಈ ಸಲ ಮರುಪ್ರವೇಶದ ಚೌಕವನ್ನು ಖಾಲಿ ಬಿಟ್ಟು, ಝೈರ್ಯೂ ಕಾರ್ಡನ್ನು ಅಧಿಕಾರಿಗೆ ಒಪ್ಪಿಸಬೇಕು.